ಡಯಾಲಿಸಿಸ್ ರೋಗಿಯ ಆಹಾರಪಥ್ಯ: ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ಮೂತ್ರಪಿಂಡಗಳು ತಮ್ಮ ಕೆಲಸವನ್ನು ನಿಲ್ಲಿಸಿದ ಮೇಲೆ ಯಂತ್ರದ ನೆರವಿನಿಂದ ರಕ್ತವನ್ನು ಶುದ್ಧಿಗೊಳಿಸಿಕೊಂಡು ಬಾಳುವವರ ಸಂಖ್ಯೆ ನಮ್ಮ ನಾಡಿನಲ್ಲಿ ಇಂದು ಸಣ್ಣದಲ್ಲ. ಒಂದು ಕಾಲದಲ್ಲಿ ಮಹಾನಗರಗಳ ಕೆಲವೇ ಆಸ್ಪತ್ರೆಗಳಲ್ಲಿ ದೊರೆಯುತ್ತಿದ್ದ ಡಯಾಲಿಸಿಸ್ ಚಿಕಿತ್ಸೆ ಈಗ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ೨೦೧೬ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಆರಂಭಿಸಿದಂದಿನಿಂದ ಬಡತನದ ರೇಖೆಗಿಂತ ಕೆಳಗಿರುವವರಿಗೂ ಈ ಚಿಕಿತ್ಸೆ ಎಟುಕುವಂತಾಯಿತು. ಯಂತ್ರವೇನೋ ಬಂದಿತು, ಆದರೆ ಯಂತ್ರದಿಂದ ಎದ್ದು ಮನೆಗೆ ಬಂದ ರೋಗಿಯು ಏನನ್ನು ಉಣ್ಣಬೇಕು ಎಂಬ ಪ್ರಶ್ನೆಗೆ ಪ್ರತಿಯೊಂದು ಮನೆಯಲ್ಲಿಯೂ ಒಂದೊಂದು ಉತ್ತರ ಕೇಳಿಬರುತ್ತದೆ. ಒಬ್ಬರು ಬೇಳೆಯನ್ನು ಮುಟ್ಟಕೂಡದೆನ್ನುತ್ತಾರೆ. ಇನ್ನೊಬ್ಬರು ದಿನಕ್ಕೆರಡು ಮೊಟ್ಟೆ ತಿನ್ನಬೇಕೆನ್ನುತ್ತಾರೆ. ನೀರನ್ನು ಧಾರಾಳವಾಗಿ ಕುಡಿದರೆ ಮೂತ್ರಪಿಂಡ ತೊಳೆದುಹೋಗುತ್ತದೆಂದು ನೆರೆಯವರು ಹೇಳಿದರೆ, ಲೋಟ ಲೆಕ್ಕವಿಟ್ಟು ಕುಡಿಯಿರೆಂದು ದಾದಿಯರು ಎಚ್ಚರಿಸುತ್ತಾರೆ.

ಈ ಗೊಂದಲಕ್ಕೆ ಜನರ ಅಜ್ಞಾನವೊಂದೇ ಕಾರಣವಲ್ಲವೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಮೂತ್ರಪಿಂಡ ರೋಗಿಯ ಪಥ್ಯಕ್ಕೆ ಸುಮಾರು ಎರಡು ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಯಂತ್ರಕ್ಕೆ ಮುಂಚಿನ ಯುಗವೊಂದು, ಯಂತ್ರದ ಯುಗವೊಂದು. ಎರಡು ಯುಗಗಳ ನಿಯಮಗಳು ಒಂದಕ್ಕೊಂದು ವಿರುದ್ಧವಾಗಿವೆ. ಆದರೂ ಎರಡೂ ಇಂದು ಒಂದೇ ಊಟದ ಎಲೆಯ ಮುಂದೆ ಕುಳಿತಿವೆ. ಈ ನಿಯಮಗಳು ಯಾವಾಗ, ಯಾವ ಕಾರಣದಿಂದ ಹುಟ್ಟಿದವೆಂಬುದನ್ನು ತಿಳಿದರೆ, ಯಾವುದು ಯಾರಿಗೆ ಸಲ್ಲುವುದೆಂಬುದು ಸ್ಪಷ್ಟವಾಗುತ್ತದೆ. ಲೇಖಕನು ಚರಿತ್ರೆಯ ವಿದ್ಯಾರ್ಥಿಯೇ ಹೊರತು ವೈದ್ಯನಲ್ಲ. ಆದುದರಿಂದ ಇಲ್ಲಿ ಬರುವ ಅಳತೆಗಳು ಸಾಮಾನ್ಯ ನಿಯಮಗಳು ಮಾತ್ರ. ಆಯಾ ರೋಗಿಯ ಅಳತೆಯನ್ನು ಅವರವರ ರಕ್ತಪರೀಕ್ಷೆಯನ್ನು ನೋಡಿ ವೈದ್ಯರೂ ಪಥ್ಯತಜ್ಞರೂ ಗೊತ್ತುಮಾಡಬೇಕು.

೧. ಯಂತ್ರಕ್ಕೆ ಮುಂಚಿನ ಪಥ್ಯ

ಮೈ ಊದಿಕೊಳ್ಳುವ ಜಲೋದರಾದಿ ರೋಗಗಳು ಪ್ರಾಚೀನ ಕಾಲದಿಂದಲೂ ವೈದ್ಯರಿಗೆ ಪರಿಚಿತವಾಗಿದ್ದವು. ಆದರೆ ಮೈಯ ಬಾವು, ಮೂತ್ರದಲ್ಲಿ ಲೋಳೆಯ ಅಂಶ, ಮೂತ್ರಪಿಂಡದ ವಿಕಾರ, ಈ ಮೂರಕ್ಕೂ ಇರುವ ಸಂಬಂಧವನ್ನು ಖಚಿತವಾಗಿ ತೋರಿಸಿಕೊಟ್ಟವನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್. ಅವನ ವರದಿ ಪ್ರಕಟವಾದದ್ದು ೧೮೨೭ರಲ್ಲಿ. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ರೋಗಕ್ಕೆ ಅವನ ಹೆಸರೇ ನಿಂತಿತು. ಮರುವರ್ಷ, ಎಂದರೆ ೧೮೨೮ರಲ್ಲಿ, ಜರ್ಮನಿಯ ವೂಲರ್ ಎಂಬ ರಸಾಯನಶಾಸ್ತ್ರಜ್ಞನು ಯೂರಿಯಾವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದನು. ನಾವು ತಿನ್ನುವ ಸಸಾರಜನಕ, ಈಗ ಪ್ರೋಟೀನ್ ಎಂದು ಎಲ್ಲರ ಬಾಯಲ್ಲಿರುವ ಆಹಾರಾಂಶ, ದೇಹದಲ್ಲಿ ಒಡೆದಾಗ ಉಳಿಯುವ ಕಸವೇ ಯೂರಿಯಾ. ಅದನ್ನು ಹೊರಹಾಕುವುದು ಮೂತ್ರಪಿಂಡಗಳ ಮುಖ್ಯ ಕೆಲಸಗಳಲ್ಲೊಂದು ಎಂಬ ತಿಳಿವಳಿಕೆ ಕ್ರಮೇಣ ಬೆಳೆಯಿತು.

ಈ ತಿಳಿವಳಿಕೆಯಿಂದ ಸಹಜವಾಗಿಯೇ ಒಂದು ಪಥ್ಯ ಹುಟ್ಟಿತು. ಕಸ ಸಾಗಿಸುವವನು ಸೋತಿದ್ದರೆ ಕಸವನ್ನೇ ಕಡಮೆ ಮಾಡಬೇಕು ಎಂಬುದು ಅದರ ತತ್ತ್ವ. ಅಮೆರಿಕದ ಥಾಮಸ್ ಅಡಿಸ್ ಎಂಬ ವೈದ್ಯನು ೧೯೪೮ರಲ್ಲಿ ಹೊರತಂದ ಗ್ರಂಥದಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ಮಂಡಿಸಿದನು. ಯೂರಿಯಾವನ್ನು ಹೊರಹಾಕುವುದೇ ಮೂತ್ರಪಿಂಡದ ದುಡಿಮೆ. ಸಸಾರಜನಕವನ್ನು ಕಡಮೆ ಮಾಡಿದರೆ ಉಳಿದಿರುವ ಮೂತ್ರಪಿಂಡಕ್ಕೆ ವಿಶ್ರಾಂತಿ ದೊರೆಯುವುದೆಂದು ಅವನ ವಾದ. ಇದಕ್ಕೆ ಮುಂಚೆಯೇ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಫ್ರಾನ್ಸಿನ ವಿಡಾಲ್ ಎಂಬವನು ಉಪ್ಪನ್ನು ತ್ಯಜಿಸಿದರೆ ಇಂಥ ರೋಗಿಗಳ ಬಾವು ಇಳಿಯುವುದೆಂದು ತೋರಿಸಿದ್ದನು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆಹೋದ ವಾಲ್ಟರ್ ಕೆಂಪ್ನರ್, ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ೧೯೩೯ರಿಂದ ಮೂತ್ರಪಿಂಡ ರೋಗಿಗಳಿಗೂ ಏರಿದ ರಕ್ತದೊತ್ತಡದವರಿಗೂ ಅನ್ನದ ಪಥ್ಯವನ್ನು ವಿಧಿಸಿದನು. ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇವಿಷ್ಟೇ ಅದರ ಸಾಮಗ್ರಿ. ದಿನಕ್ಕೆ ದೊರೆಯುತ್ತಿದ್ದ ಸಸಾರಜನಕ ಸುಮಾರು ೨೦ ಗ್ರಾಂ. ಉಪ್ಪು ಇಲ್ಲವೆಂಬಷ್ಟು ಕಡಮೆ.

ಎರಡನೆಯ ಮಹಾಯುದ್ಧದ ತರುವಾಯದ ವರ್ಷಗಳಲ್ಲಿ ಈ ತತ್ತ್ವವು ತನ್ನ ತುದಿಯನ್ನು ಮುಟ್ಟಿತು. ಆಮ್‌ಸ್ಟರ್‌ಡಾಮಿನ ಬೋರ್ಸ್ಟ್ ೧೯೪೮ರಲ್ಲಿ ಸಸಾರಜನಕವೇ ಇಲ್ಲದ ಆಹಾರವನ್ನು ಪ್ರಯೋಗಿಸಿದ ವಿವರವನ್ನು ಪ್ರಕಟಿಸಿದನು. ಮರುವರ್ಷ ಲಂಡನ್ನಿನ ಬುಲ್ ಮತ್ತು ಅವನ ಸಹೋದ್ಯೋಗಿಗಳು, ಮೂತ್ರ ಕಟ್ಟಿದ ರೋಗಿಗಳ ಜಠರಕ್ಕೆ ನಳಿಗೆಯ ಮೂಲಕ ಗ್ಲೂಕೋಸನ್ನೂ ಕಡಲೆಕಾಯಿ ಎಣ್ಣೆಯನ್ನೂ ಕಲಸಿ ಇಳಿಸುವ ಕ್ರಮವನ್ನು ವಿವರಿಸಿದರು. ಇದು ಊಟವಲ್ಲ, ಕಾಲಹರಣದ ಉಪಾಯ: ಮೂತ್ರಪಿಂಡವು ತಾನಾಗಿ ಚೇತರಿಸಿಕೊಳ್ಳುವವರೆಗೆ ಕೆಲವು ದಿನಗಳನ್ನು ಗಳಿಸಿಕೊಳ್ಳುವುದು. ದೀರ್ಘಕಾಲದ ರೋಗಿಗಳಿಗಾಗಿ ಇಟಲಿಯ ಜಿಯೊರ್ಡಾನೊ ೧೯೬೩ರಲ್ಲಿಯೂ, ಜಿಯೊವನೆಟ್ಟಿ ಮತ್ತು ಮಜ್ಜೊರೆ ೧೯೬೪ರಲ್ಲಿಯೂ ಇನ್ನಷ್ಟು ಸೂಕ್ಷ್ಮವಾದ ಪಥ್ಯವನ್ನು ರೂಪಿಸಿದರು. ಸಸಾರಜನಕ ಅತ್ಯಲ್ಪವಾಗಿರಬೇಕು, ಆ ಅಲ್ಪವಾದರೂ ಮೊಟ್ಟೆಯಲ್ಲಿರುವಂತಹ ಉತ್ತಮ ಜಾತಿಯದಾಗಿರಬೇಕು ಎಂಬುದು ಅದರ ಸಾರ.

ಬೇಳೆ ಬೇಡ, ಮೊಟ್ಟೆ ಬೇಡ, ಮೀನು ಬೇಡ ಎಂದು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಈ ಯುಗದ ಪ್ರತಿಧ್ವನಿ. ಅದು ತಪ್ಪು ಮಾತಲ್ಲ. ಯಂತ್ರದ ಚಿಕಿತ್ಸೆ ಇನ್ನೂ ಆರಂಭವಾಗದ ರೋಗಿಗೆ, ವೈದ್ಯರ ಮೇಲ್ವಿಚಾರಣೆಯಲ್ಲಿ, ಅದು ಇಂದಿಗೂ ಸಲ್ಲುತ್ತದೆ. ಅಂಥವರಲ್ಲಿ ಮಧುಮೇಹವಿಲ್ಲದವರಿಗೆ ದೇಹತೂಕದ ಕಿಲೋಗ್ರಾಮಿಗೆ ೦.೫೫ರಿಂದ ೦.೬ ಗ್ರಾಂ ಸಸಾರಜನಕ ಸಾಕೆಂದು, ಮಧುಮೇಹಿಗಳಿಗೆ ೦.೬ರಿಂದ ೦.೮ ಗ್ರಾಂ ಎಂದು ೨೦೨೦ರ ಅಮೆರಿಕದ ಪಥ್ಯಸೂತ್ರಗಳು ಹೇಳುತ್ತವೆ. ಆ ಮಾತು ತನ್ನ ಎಲ್ಲೆಯನ್ನು ದಾಟಿ ಡಯಾಲಿಸಿಸ್ ರೋಗಿಯ ಮನೆಯನ್ನು ಹೊಕ್ಕಾಗಲೇ ಅನರ್ಥ.

೨. ಯಂತ್ರದ ಉದಯ

ಡಯಾಲಿಸಿಸ್ ಎಂಬ ಪದವನ್ನು ರಸಾಯನಶಾಸ್ತ್ರದಲ್ಲಿ ಬಳಕೆಗೆ ತಂದವನು ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಥಾಮಸ್ ಗ್ರಹಾಂ. ತೆಳುವಾದ ಚರ್ಮಕಾಗದದ ಪೊರೆಯ ಒಂದು ಮಗ್ಗುಲಲ್ಲಿ ಮಿಶ್ರದ್ರಾವಣವನ್ನೂ ಇನ್ನೊಂದು ಮಗ್ಗುಲಲ್ಲಿ ನೀರನ್ನೂ ಇರಿಸಿದರೆ, ಉಪ್ಪು ಯೂರಿಯಾಗಳಂತಹ ಸಣ್ಣ ಕಣಗಳು ಪೊರೆಯನ್ನು ದಾಟಿ ನೀರಿಗೆ ಹೋಗುವುವೆಂದೂ ಅಂಟಿನಂತಹ ದೊಡ್ಡ ಕಣಗಳು ಉಳಿಯುವುವೆಂದೂ ಅವನು ೧೮೬೧ರಲ್ಲಿ ತೋರಿಸಿದನು. ಇಂದಿನ ಯಂತ್ರವು ಎಷ್ಟೇ ಜಟಿಲವಾಗಿ ಕಂಡರೂ ಅದರ ಹೃದಯದಲ್ಲಿರುವುದು ಈ ಸರಳ ಸತ್ಯವೇ.

೧೯೧೩ರಲ್ಲಿ ಬಾಲ್ಟಿಮೋರ್ ನಗರದ ಜಾನ್ ಏಬಲ್ ಮತ್ತು ಅವನ ಸಂಗಡಿಗರು ಈ ತತ್ತ್ವವನ್ನು ಜೀವಂತ ಪ್ರಾಣಿಯ ರಕ್ತಕ್ಕೆ ಅನ್ವಯಿಸಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಅವರು ಬಳಸಿದ್ದು ಜಿಗಣೆಗಳಿಂದ ತೆಗೆದ ಸತ್ತ್ವವನ್ನು. ೧೯೨೪ರಲ್ಲಿ ಜರ್ಮನಿಯ ಗೀಸೆನ್ನಿನಲ್ಲಿ ಗೇಯೋರ್ಗ್ ಹಾಸ್ ಎಂಬವನು ಮೊದಲ ಬಾರಿಗೆ ಮನುಷ್ಯನ ಮೇಲೆ ಈ ಪ್ರಯೋಗವನ್ನು ನಡೆಸಿದನು. ಆದರೆ ನಿಜವಾಗಿ ಉಪಯೋಗಕ್ಕೆ ಬರುವ ಕೃತಕ ಮೂತ್ರಪಿಂಡವನ್ನು ಕಟ್ಟಿದ ಕೀರ್ತಿ ಹಾಲೆಂಡಿನ ವಿಲ್ಲೆಂ ಕೋಲ್ಫ್‌ಗೆ ಸಲ್ಲಬೇಕು. ದೇಶವು ಜರ್ಮನ್ ಸೈನ್ಯದ ವಶದಲ್ಲಿದ್ದಾಗ, ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ, ೧೯೪೩ರಲ್ಲಿ ಅವನು ಮರದ ಪಟ್ಟಿಗಳ ಉರುಳೆಗೆ ಸೆಲೋಫೇನ್ ಕೊಳವೆಯನ್ನು ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅದನ್ನು ತಿರುಗಿಸಿದನು. ಆ ಕೊಳವೆ ಮಾಂಸದ ತಿನಿಸುಗಳಿಗೆ ಹೊದಿಕೆಯಾಗಿ ಮಾರಾಟವಾಗುತ್ತಿದ್ದ ವಸ್ತು. ಮೊದಮೊದಲ ರೋಗಿಗಳಲ್ಲಿ ಬಹುತೇಕರು ತೀರಿಕೊಂಡರು. ೧೯೪೫ರ ಸೆಪ್ಟೆಂಬರಿನಲ್ಲಿ ೬೭ ವರ್ಷದ ಮಹಿಳೆಯೊಬ್ಬಳು ಈ ಯಂತ್ರದಿಂದ ಬದುಕಿ ಎದ್ದಳು.

ಕೋಲ್ಫನ ಯಂತ್ರ ಕೆಲವು ದಿನಗಳ ಆಪತ್ತಿಗೆ ಮಾತ್ರ ಒದಗುತ್ತಿತ್ತು. ಪ್ರತಿ ಬಾರಿಯೂ ಹೊಸ ರಕ್ತನಾಳವನ್ನು ಕತ್ತರಿಸಬೇಕಾಗಿದ್ದುದರಿಂದ ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ಅದು ನೆರವಾಗುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಿದವನು ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್. ೧೯೬೦ರ ಮಾರ್ಚಿಯಲ್ಲಿ ಅವನು ಟೆಫ್ಲಾನ್ ಕೊಳವೆಯೊಂದನ್ನು ರೋಗಿಯ ತೋಳಿನಲ್ಲಿ ನೆಲೆಯಾಗಿ ಇರಿಸಿ, ಬೇಕಾದಾಗ ಯಂತ್ರಕ್ಕೆ ಸೇರಿಸುವ ಏರ್ಪಾಡು ಮಾಡಿದನು. ಅವನ ಮೊದಲ ರೋಗಿ ಕ್ಲೈಡ್ ಷೀಲ್ಡ್ಸ್ ಅನಂತರ ಹನ್ನೊಂದು ವರ್ಷಗಳಷ್ಟು ಕಾಲ ಬಾಳಿದನು. ೧೯೬೬ರಲ್ಲಿ ನ್ಯೂಯಾರ್ಕಿನ ವೈದ್ಯರು ತೋಳಿನ ಅಪಧಮನಿಯನ್ನೂ ಅಭಿಧಮನಿಯನ್ನೂ ಬೆಸೆದು ಮಾಡುವ ಫಿಸ್ಟುಲಾ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯ ರೋಗಿಯ ತೋಳಿನಲ್ಲಿ ಮಿಡಿಯುತ್ತಿರುವುದೂ ಅದೇ. ಹೀಗೆ ಮೂತ್ರಪಿಂಡಗಳಿಲ್ಲದೆ ವರ್ಷಗಟ್ಟಲೆ ಬಾಳುವ ಮನುಷ್ಯವರ್ಗವೊಂದು ಚರಿತ್ರೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅವರು ಏನನ್ನು ಉಣ್ಣಬೇಕೆಂಬುದಕ್ಕೆ ಹಿಂದಿನ ಗ್ರಂಥಗಳಲ್ಲಿ ಉತ್ತರವಿರಲಿಲ್ಲ.

೩. ಪಥ್ಯದ ತಿರುವು

ಯಂತ್ರವು ಮೂತ್ರಪಿಂಡಕ್ಕೆ ಸಮವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಆರೋಗ್ಯವಂತರ ಮೂತ್ರಪಿಂಡಗಳು ಹಗಲಿರುಳೂ ಬಿಡುವಿಲ್ಲದೆ ದಿನಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ಸೋಸುತ್ತವೆ. ವಾರಕ್ಕೆ ೧೬೮ ಗಂಟೆಗಳು. ಮೂರು ಬಾರಿ ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಸೇರಿಸಿದರೂ ದೊರೆಯುವುದು ೧೨ ಗಂಟೆಯ ಕೆಲಸ. ಉಳಿದ ೧೫೬ ಗಂಟೆಗಳಲ್ಲಿ ತಿಂದದ್ದು, ಕುಡಿದದ್ದು ರಕ್ತದಲ್ಲಿಯೇ ಕೂಡಿಕೊಳ್ಳುತ್ತಿರುತ್ತದೆ. ಆದುದರಿಂದ ಯಂತ್ರ ಬಂದ ಮೇಲೆಯೂ ಪಥ್ಯ ತಪ್ಪಲಿಲ್ಲ.

ಆದರೆ ಸಸಾರಜನಕದ ವಿಷಯದಲ್ಲಿ ನಿಯಮ ತಲೆಕೆಳಗಾಯಿತು. ಯಂತ್ರದ ಪೊರೆ ಯೂರಿಯಾವನ್ನಷ್ಟೇ ಆರಿಸಿ ತೆಗೆಯಲಾರದು. ಸಸಾರಜನಕದ ಇಟ್ಟಿಗೆಗಳೆನ್ನಬಹುದಾದ ಅಮೈನೋ ಆಮ್ಲಗಳೂ ಅದರೊಡನೆ ಹೊರಟುಹೋಗುತ್ತವೆ. ಒಂದು ಸಲದ ಚಿಕಿತ್ಸೆಯಲ್ಲಿ ಹೀಗೆ ನಷ್ಟವಾಗುವುದು ಸುಮಾರು ೬ರಿಂದ ೧೦ ಗ್ರಾಂ. ನೀರಿನಲ್ಲಿ ಕರಗುವ ಜೀವಸತ್ತ್ವಗಳೂ ಸೋರಿಹೋಗುತ್ತವೆ. ಇದರ ಮೇಲೆ ರೋಗದಿಂದಲೇ ಹಸಿವು ಕುಂದಿರುತ್ತದೆ, ಬಾಯಿರುಚಿ ಕೆಟ್ಟಿರುತ್ತದೆ. ಇಂಥ ರೋಗಿಗೆ ಹಳೆಯ ಪಥ್ಯವನ್ನೇ ಮುಂದುವರಿಸಿದರೆ ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಂಡು ಉಣ್ಣಲು ತೊಡಗುತ್ತದೆ.

ಇದರ ಗಾಂಭೀರ್ಯ ಎಲ್ಲರಿಗೂ ಮನದಟ್ಟಾಗಲು ಕಾಲ ಹಿಡಿಯಿತು. ೧೯೯೦ರಲ್ಲಿ ಅಮೆರಿಕದ ಲೌರಿ ಮತ್ತು ಲ್ಯೂ ಎಂಬವರು ಹನ್ನೆರಡು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ರಕ್ತದಲ್ಲಿ ಆಲ್ಬುಮಿನ್ ಎಂಬ ಸಸಾರಜನಕ ಕುಗ್ಗಿದವರಲ್ಲಿ ಮರಣದ ಭಯ ಬಹಳ ಹೆಚ್ಚೆಂದು ತೋರಿಸಿದರು. ಆಲ್ಬುಮಿನ್ ಕುಗ್ಗುವುದಕ್ಕೆ ಊಟದ ಕೊರತೆಯಲ್ಲದೆ ದೇಹದೊಳಗಿನ ಉರಿಯೂತವೂ ಕಾರಣವೆಂದು ಮುಂದೆ ತಿಳಿದುಬಂದಿತು. ಆದರೂ ಚೆನ್ನಾಗಿ ಉಣ್ಣದ ರೋಗಿ ಹೆಚ್ಚು ಕಾಲ ಬಾಳಲಾರನೆಂಬ ತೀರ್ಮಾನ ಕದಲಲಿಲ್ಲ. ಇಂದು ಡಯಾಲಿಸಿಸ್ ರೋಗಿಗೆ ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ ೧.೦ರಿಂದ ೧.೨ ಗ್ರಾಂ ಸಸಾರಜನಕ, ೨೫ರಿಂದ ೩೫ ಕಿಲೋಕ್ಯಾಲೊರಿ ಶಕ್ತಿ ಬೇಕೆಂದು ವಿಧಿಸಲಾಗುತ್ತದೆ.

೫೦ ಕಿಲೋ ತೂಕದ ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಯಂತ್ರಕ್ಕೆ ಮುಂಚೆ ಆತನಿಗೆ ದಿನಕ್ಕೆ ೩೦ ಗ್ರಾಂ ಸಸಾರಜನಕವೆಂದು ಕಟ್ಟುಮಾಡಿದ್ದರು. ಯಂತ್ರ ಆರಂಭವಾದ ದಿನದಿಂದ ಆತನಿಗೆ ೫೦ರಿಂದ ೬೦ ಗ್ರಾಂ ಬೇಕು. ಎಂದರೆ ಹೆಚ್ಚುಕಡಮೆ ಇಮ್ಮಡಿ. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ, ೩೦ ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ಆರೇಳು ಗ್ರಾಂ, ೧೦೦ ಮಿಲಿಲೀಟರ್ ಹಾಲಿನಲ್ಲಿ ಮೂರು ಗ್ರಾಂಗಳಷ್ಟು, ೧೦೦ ಗ್ರಾಂ ಮೀನು ಅಥವಾ ಕೋಳಿಮಾಂಸದಲ್ಲಿ ಸುಮಾರು ೨೦ ಗ್ರಾಂ ದೊರೆಯುತ್ತದೆ. ಅನ್ನ, ತಿಳಿಸಾರು, ಮಜ್ಜಿಗೆ ಇವಿಷ್ಟನ್ನೇ ಉಂಡು ಈ ಲೆಕ್ಕವನ್ನು ತುಂಬಿಸಲಾಗದೆಂಬುದು ಸ್ಪಷ್ಟ. ಹಿಂದಿನ ಚೀಟಿಯನ್ನು ನಂಬಿ ಮನೆಯವರು ಪ್ರೀತಿಯಿಂದಲೇ ರೋಗಿಯ ತಟ್ಟೆಯಿಂದ ಬೇಳೆ ಮೊಟ್ಟೆಗಳನ್ನು ತೆಗೆದಿರಿಸಿದರೆ, ಯಂತ್ರ ಕೊಟ್ಟ ಆಯುಷ್ಯವನ್ನು ಅಡುಗೆಮನೆ ಕಿತ್ತುಕೊಂಡಂತಾಗುತ್ತದೆ.

೪. ನಾಲ್ಕು ಕಟ್ಟಳೆಗಳು

ಸಸಾರಜನಕದ ಕಟ್ಟು ಸಡಿಲವಾದರೂ ಇನ್ನು ನಾಲ್ಕು ಕಟ್ಟುಗಳು ಉಳಿದುಕೊಂಡವು: ಉಪ್ಪು, ನೀರು, ಪೊಟ್ಯಾಸಿಯಂ, ರಂಜಕ.

ಉಪ್ಪು ಮತ್ತು ನೀರನ್ನು ಬೇರೆಬೇರೆಯಾಗಿ ನೋಡುವುದು ತಪ್ಪು. ದೇಹದಲ್ಲಿ ಉಳಿದುಕೊಂಡ ಸುಮಾರು ೮ ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಾರಿಕೆಯ ಮೂಲಕ ಆ ನೀರನ್ನು ಅದೇ ಕೇಳಿ ಪಡೆಯುತ್ತದೆ. ಉಪ್ಪನ್ನು ಬಿಡದೆ ನೀರನ್ನು ಬಿಡು ಎನ್ನುವುದು ಆಗದ ಮಾತು. ದಿನವೊಂದಕ್ಕೆ ಎಲ್ಲ ಬಗೆಯಿಂದಲೂ ಸೇರುವ ಉಪ್ಪು ೬ ಗ್ರಾಮಿಗಿಂತ ಕಡಮೆಯಿರಬೇಕು. ಇದು ಸುಮಾರು ಒಂದು ಚಹಾ ಚಮಚ. ನೀರಿನ ಲೆಕ್ಕಕ್ಕೆ ವಾಡಿಕೆಯ ಸೂತ್ರವೆಂದರೆ, ಹಿಂದಿನ ದಿನ ಹೋದ ಮೂತ್ರದ ಅಳತೆ, ಅದರ ಮೇಲೆ ಅರ್ಧದಿಂದ ಮುಕ್ಕಾಲು ಲೀಟರ್. ಎರಡು ಚಿಕಿತ್ಸೆಗಳ ನಡುವೆ ತೂಕವು ನಾಲ್ಕು ನಾಲ್ಕೂವರೆ ಪ್ರತಿಶತಕ್ಕಿಂತ ಹೆಚ್ಚಬಾರದು. ೫೦ ಕಿಲೋ ತೂಕದವರಿಗೆ ಇದು ಎರಡು ಕಿಲೋ. ಇದನ್ನು ಮೀರಿದ ನೀರನ್ನು ನಾಲ್ಕು ಗಂಟೆಗಳಲ್ಲಿ ಎಳೆದು ತೆಗೆಯುವಾಗ ರಕ್ತದೊತ್ತಡ ಕುಸಿಯುತ್ತದೆ, ಸ್ನಾಯುಗಳು ಸೆಟೆಯುತ್ತವೆ. ತೆಗೆಯದೆ ಬಿಟ್ಟರೆ ಶ್ವಾಸಕೋಶಗಳಲ್ಲಿ ತುಂಬಿಕೊಂಡು ಉಸಿರು ಕಟ್ಟುತ್ತದೆ.

ಪೊಟ್ಯಾಸಿಯಂ ಎಂಬುದು ಹೃದಯದ ಮಿಡಿತಕ್ಕೆ ಸಂಬಂಧಪಟ್ಟ ಲವಣ. ಮಿಕ್ಕ ದೋಷಗಳು ತಿಂಗಳು ವರ್ಷಗಳಲ್ಲಿ ಫಲಿಸಿದರೆ ಇದರ ಅತಿರೇಕ ಒಂದೇ ರಾತ್ರಿಯಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, ಹೃದಯವನ್ನು ನಿಲ್ಲಿಸಬಲ್ಲದು. ಕೆಂಪ್ನರನ ಹಣ್ಣಿನ ಪಥ್ಯ ಮೂತ್ರವಿಲ್ಲದ ಡಯಾಲಿಸಿಸ್ ರೋಗಿಗೆ ವಿಷವಾಗುವುದು ಈ ಕಾರಣದಿಂದಲೇ. ಒಂದು ಯುಗದ ಔಷಧ ಇನ್ನೊಂದು ಯುಗದ ಅಪಾಯವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ರಂಜಕದ ಕಥೆ ಬೇರೆ ತೆರನಾದದ್ದು. ರಕ್ತದಲ್ಲಿ ಅದು ಏರಿದರೆ ಎಲುಬುಗಳು ಸವೆಯುತ್ತವೆ, ರಕ್ತನಾಳಗಳು ಗಡುಸಾಗುತ್ತವೆ, ಮೈ ತುರಿಸುತ್ತದೆ. ಯಂತ್ರವು ಅದನ್ನು ಪೂರ್ತಿಯಾಗಿ ತೆಗೆಯಲಾರದಾದ್ದರಿಂದ ಊಟದೊಡನೆ ಅದನ್ನು ಕರುಳಿನಲ್ಲಿಯೇ ಕಟ್ಟಿಹಾಕುವ ಮಾತ್ರೆಗಳನ್ನು ಕೊಡುತ್ತಾರೆ. ಮೊದಲು ಇದಕ್ಕಾಗಿ ಅಲ್ಯುಮಿನಿಯಂ ಲವಣವನ್ನು ಬಳಸುತ್ತಿದ್ದರು. ೧೯೭೦ರ ದಶಕದಲ್ಲಿ ಆ ಲೋಹವು ಮಿದುಳಿನಲ್ಲಿ ಶೇಖರವಾಗಿ ರೋಗಿಗಳ ಮಾತು ಬುದ್ಧಿಗಳನ್ನು ಕೆಡಿಸುವುದು ಬೆಳಕಿಗೆ ಬಂದ ಮೇಲೆ ಅದರ ಬಳಕೆ ಇಳಿಯಿತು. ಇಂದು ಕ್ಯಾಲ್ಸಿಯಂ ಲವಣಗಳೂ ಸೆವೆಲಮರ್ ಮೊದಲಾದ ಇತರ ಮದ್ದುಗಳೂ ಬಳಕೆಯಲ್ಲಿವೆ. ಇವನ್ನು ಊಟದ ಜೊತೆಯಲ್ಲಿಯೇ ನುಂಗಬೇಕು. ಊಟವಾಗಿ ಗಂಟೆಗಳ ಮೇಲೆ ನುಂಗಿದರೆ ಕಟ್ಟಿಹಾಕಲು ಕರುಳಿನಲ್ಲಿ ರಂಜಕ ಉಳಿದಿರುವುದಿಲ್ಲ. ಎಲ್ಲ ರಂಜಕವೂ ಒಂದೇ ಸಮನಾಗಿ ರಕ್ತಕ್ಕೆ ಸೇರುವುದಿಲ್ಲವೆಂಬುದನ್ನೂ ಗಮನಿಸಬೇಕು. ಕಾಳುಬೇಳೆಗಳ ರಂಜಕದಲ್ಲಿ ಅರ್ಧಕ್ಕಿಂತ ಕಡಮೆ ಪಾಲು ಮಾತ್ರ ಹೀರಿಕೆಯಾಗುತ್ತದೆ. ಹಾಲು ಮಾಂಸಗಳದ್ದು ಅದಕ್ಕಿಂತ ಹೆಚ್ಚು. ಕಾರ್ಖಾನೆಯ ಪೊಟ್ಟಣದ ತಿನಿಸುಗಳಿಗೂ ಕಪ್ಪುಬಣ್ಣದ ಬಾಟಲಿ ಪಾನೀಯಗಳಿಗೂ ಬೆರೆಸಿರುವ ರಂಜಕ ಬಹುಮಟ್ಟಿಗೆ ಪೂರ್ತಿಯಾಗಿಯೇ ಒಳಸೇರುತ್ತದೆ. ಮೊಟ್ಟೆಯ ಬಿಳಿಭಾಗದಲ್ಲಿ ಉತ್ತಮ ಸಸಾರಜನಕವಿದ್ದು ರಂಜಕ ನಾಮಮಾತ್ರವಾಗಿರುವುದರಿಂದ ತಿನ್ನುವ ಅಭ್ಯಾಸವುಳ್ಳವರಿಗೆ ಅದು ವರವೆಂದೇ ಹೇಳಬೇಕು.

೫. ನಮ್ಮ ಅಡುಗೆಮನೆಯಲ್ಲಿ ಈ ನಿಯಮಗಳು

ಮೇಲಿನ ನಿಯಮಗಳೆಲ್ಲವೂ ಲಂಡನ್, ನೇಪಲ್ಸ್, ಸಿಯಾಟಲ್ ನಗರಗಳಲ್ಲಿ, ಅಲ್ಲಿಯ ಊಟವನ್ನು ಮುಂದಿಟ್ಟುಕೊಂಡು ರೂಪುಗೊಂಡವು. ಕನ್ನಡನಾಡಿನ ಅಡುಗೆಗೆ ಅವನ್ನು ಅನ್ವಯಿಸುವಾಗ ಕೆಲವು ವಿಶೇಷಗಳು ಎದುರಾಗುತ್ತವೆ.

ಹಳೆಯ ಮೈಸೂರು ಸೀಮೆಯ ಬಸ್ಸಾರನ್ನು ಮೊದಲು ತೆಗೆದುಕೊಳ್ಳಬಹುದು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ನೀರನ್ನು ಬಸಿದು, ಬಸಿದ ಕಟ್ಟಿನಿಂದ ಸಾರನ್ನೂ ಉಳಿದ ಗಟ್ಟಿಯಿಂದ ಪಲ್ಯವನ್ನೂ ಮಾಡುವುದು ಇದರ ಕ್ರಮ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಲವಣವಾದುದರಿಂದ ಅದರ ದೊಡ್ಡ ಪಾಲು ಕಟ್ಟಿಗೆ ಇಳಿಯುತ್ತದೆ, ಸಸಾರಜನಕ ಬಹುಮಟ್ಟಿಗೆ ಕಾಳಿನಲ್ಲಿ ಉಳಿಯುತ್ತದೆ. ಪಾಶ್ಚಾತ್ಯ ಪಥ್ಯತಜ್ಞರು ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಚೆಲ್ಲಿರೆಂದು ಹೇಳಿಕೊಡುವ ವಿದ್ಯೆಯ ಅರ್ಧಭಾಗವನ್ನು ನಮ್ಮ ಹೆಂಗಸರು ತಲೆತಲಾಂತರದಿಂದ ಬಲ್ಲರು. ಉಳಿದರ್ಧವೇ ಇಲ್ಲಿ ಮುಖ್ಯ: ಮನೆಯವರೆಲ್ಲ ಸಾರನ್ನು ಉಣ್ಣಲಿ, ಡಯಾಲಿಸಿಸ್ ರೋಗಿಗೆ ಪಲ್ಯವನ್ನು ಬಡಿಸಬೇಕು. ಕಾಯಿಲೆಯವರಿಗೆ ತಿಳಿಯಾದದ್ದು ಹಗುರವೆಂದು ಭಾವಿಸಿ ಕಟ್ಟಿನ ಸಾರನ್ನೇ ಕೊಡುವ ವಾಡಿಕೆ ಈ ರೋಗಿಯಲ್ಲಿ ವಿಪರೀತಫಲವನ್ನು ಕೊಡುತ್ತದೆ. ಆಲೂಗೆಡ್ಡೆಯಂತಹ ಗೆಡ್ಡೆಗಳನ್ನು ಹೆಚ್ಚಿ ತಣ್ಣೀರಿನಲ್ಲಿ ನೆನೆಹಾಕಿದರೆ ಸಾಲದು. ಕುದಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಬೇಯಿಸಿದರೆ ಪೊಟ್ಯಾಸಿಯಂ ಸಾಕಷ್ಟು ಇಳಿಯುತ್ತದೆ.

ಧಾನ್ಯಗಳಲ್ಲಿ ಪಾಲಿಷ್ ಮಾಡಿದ ಅಕ್ಕಿಗೆ ಈ ಲವಣಗಳು ಕಡಮೆ. ೧೦೦ ಗ್ರಾಂ ಅಕ್ಕಿಯಲ್ಲಿ ಸುಮಾರು ೧೦೦ ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ ರಾಗಿಯಲ್ಲಿ ೪೦೦ ಮಿಲಿಗ್ರಾಂ ಮೀರುತ್ತದೆ. ಜೋಳವೂ ಗೋಧಿಯೂ ಇವೆರಡರ ನಡುವೆ ನಿಲ್ಲುತ್ತವೆ. ಇತರರಿಗೆ ಹಿತವಾದ ರಾಗಿ ಈ ರೋಗಿಗೆ ಅಳತೆಯಲ್ಲಿರಬೇಕಾದುದು ವಿಪರ್ಯಾಸವೆಂದು ತೋರಬಹುದು. ಆದರೆ ಹುಟ್ಟಿದಂದಿನಿಂದ ಮುದ್ದೆಯುಂಡವನಿಗೆ ಮುದ್ದೆಯನ್ನು ಪೂರ್ತಿ ತಪ್ಪಿಸಿದರೆ ಅವನು ಊಟವನ್ನೇ ಕಡಮೆ ಮಾಡುವ ಸಂಭವವಿದೆ. ರಕ್ತಪರೀಕ್ಷೆ ಅನುಮತಿಸಿದರೆ ಹೊತ್ತಿಗೊಂದು ಸಣ್ಣ ಮುದ್ದೆಯನ್ನು ಉಳಿಸಿ ಬೇರೆಡೆಯಲ್ಲಿ ಕಡಿತ ಮಾಡುವುದು ಹೆಚ್ಚು ವಿವೇಕಯುತ. ಮುದ್ದೆ, ಗಂಜಿ, ಅಂಬಲಿ, ಸಾರು, ಮಜ್ಜಿಗೆ ಇವೆಲ್ಲವುಗಳಲ್ಲಿಯೂ ನೀರಿದೆಯೆಂಬುದನ್ನು ಮಾತ್ರ ಲೆಕ್ಕದಲ್ಲಿಡಬೇಕು. ಲೋಟದ ನೀರನ್ನು ಅಳೆದು ಕುಡಿದವರು ಗಂಜಿಯ ಬಟ್ಟಲನ್ನು ಅಳೆಯದೆ ಕುಡಿದರೆ ಅಳತೆ ವ್ಯರ್ಥ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸು, ಒಣಮೀನು, ಚಟ್ನಿಪುಡಿ, ಇವು ಉಪ್ಪಿನ ಗುಪ್ತ ಉಗ್ರಾಣಗಳು. ಹುಣಸೆಹುಳಿಯ ಬದಲು ನಿಂಬೆರಸದ ಹನಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕೊತ್ತಂಬರಿ, ಇಂಗಿನ ಒಗ್ಗರಣೆ, ಇವುಗಳಿಂದ ಉಪ್ಪು ಕಡಮೆಯಾದ ಅಡುಗೆಗೂ ರುಚಿ ಬರಿಸಬಹುದು. ಅಂಗಡಿಯಲ್ಲಿ ದೊರೆಯುವ ಸೋಡಿಯಂ ಕಡಮೆಯ ಉಪ್ಪನ್ನು ಮಾತ್ರ ಎಂದಿಗೂ ತರಬಾರದು. ಅದರಲ್ಲಿ ಸೋಡಿಯಮಿನ ಸ್ಥಾನವನ್ನು ಪೊಟ್ಯಾಸಿಯಂ ಆಕ್ರಮಿಸಿರುತ್ತದೆ.

ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರಬಾರದೆಂಬುದು ನಮ್ಮ ಸಂಪ್ರದಾಯ. ಎಳನೀರು, ಬಾಳೆಹಣ್ಣು, ಮೋಸಂಬಿ ಇವುಗಳಲ್ಲಿ ಯಾವುದಾದರೊಂದು ಕೈಯಲ್ಲಿರುತ್ತದೆ. ಈ ಮೂರೂ ಪೊಟ್ಯಾಸಿಯಂ ಹೇರಳವಾಗಿ ಇರುವ ಪದಾರ್ಥಗಳು. ೧೦೦ ಮಿಲಿಲೀಟರ್ ಎಳನೀರಿನಲ್ಲಿ ಅದು ಸುಮಾರು ೨೦೦ರಿಂದ ೨೫೦ ಮಿಲಿಗ್ರಾಂ ಇರುತ್ತದೆ. ಒಂದು ಕಾಯಿಯಲ್ಲಿ ಇದರ ಎರಡು ಮೂರರಷ್ಟು. ಪರಮ ಸಾತ್ತ್ವಿಕವೆಂದು ಹೆಸರಾದ ಪಾನೀಯವೊಂದು ಯಾರಿಗಾದರೂ ಮಾರಕವಾಗಬಹುದೆಂಬುದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಆದರೂ ಮೂತ್ರ ನಿಂತುಹೋದ ರೋಗಿಯ ವಿಷಯದಲ್ಲಿ ಇದು ಸತ್ಯ. ಸೇಬು, ಅನಾನಸು ಇವುಗಳಲ್ಲಿ ಒಂದನ್ನು ಸಣ್ಣ ಹೋಳಿನ ಅಳತೆಯಲ್ಲಿ ವೈದ್ಯರು ಅನುಮತಿಸಿದಂತೆ ಕೊಡಬಹುದು. ಕರಾವಳಿಯಲ್ಲಿ ಧಾರೆಹುಳಿಯೆಂದೂ ಬೇರೆಡೆ ಕಮರಾಕ್ಷಿಯೆಂದೂ ಕರೆಯುವ, ಅಡ್ಡಕೊಯ್ದರೆ ನಕ್ಷತ್ರದಾಕಾರ ತೋರುವ ಹಣ್ಣನ್ನು ಒಂದು ಹೋಳನ್ನೂ ಕೊಡಕೂಡದು. ಆರೋಗ್ಯವಂತರಲ್ಲಿ ಮೂತ್ರದೊಡನೆ ಹೋಗಿಬಿಡುವ ನರವಿಷವೊಂದು ಅದರಲ್ಲಿದೆ. ಮೂತ್ರಪಿಂಡ ಸೋತವರಲ್ಲಿ ಅದು ಬಿಕ್ಕಳಿಕೆ, ಬುದ್ಧಿಭ್ರಮಣೆ, ಸೆಳವುಗಳನ್ನುಂಟುಮಾಡಿ ಪ್ರಾಣವನ್ನೂ ತೆಗೆಯಬಲ್ಲದು. ಬ್ರೆಜಿಲ್ ದೇಶದ ಸಂಶೋಧಕರು ೨೦೧೩ರಲ್ಲಿ ಆ ವಿಷವನ್ನು ಪ್ರತ್ಯೇಕಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು.

ವ್ರತೋಪವಾಸಗಳ ವಿಷಯದಲ್ಲಿಯೂ ಎರಡು ಮಾತು ಅಗತ್ಯ. ದೀರ್ಘಕಾಲ ಹೊಟ್ಟೆ ಖಾಲಿಯಿದ್ದರೆ ದೇಹದಲ್ಲಿ ಇನ್ಸುಲಿನ್ ಇಳಿದು ಜೀವಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ಏನನ್ನೂ ತಿನ್ನದಿದ್ದರೂ ಅದು ಏರುವುದು ಹೀಗೆ. ಇಂಥ ಉಪವಾಸದ ಕೊನೆಗೆ ಬಾಳೆಹಣ್ಣು, ಎಳನೀರು, ಖರ್ಜೂರಗಳಿಂದ ಪಾರಣೆ ಮಾಡಿದರೆ ಅಪಾಯ ಇಮ್ಮಡಿಸುತ್ತದೆ. ಮಧುಮೇಹವಿರುವ ಡಯಾಲಿಸಿಸ್ ರೋಗಿಗೆ ಸಕ್ಕರೆ ಕುಸಿದು ಬೆವರು ನಡುಕಗಳುಂಟಾದಾಗಲೂ ಕಿತ್ತಳೆರಸವನ್ನಾಗಲಿ ಬೆಲ್ಲದ ಪಾನಕವನ್ನಾಗಲಿ ಕೊಡದೆ ಸಕ್ಕರೆಯನ್ನೋ ಗ್ಲೂಕೋಸನ್ನೋ ಸ್ವಲ್ಪ ನೀರಿನಲ್ಲಿ ಕೊಡುವುದು ಲೇಸು.

ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲಿಯೇ ನಿತ್ಯ ನಡೆಯುವ ಇನ್ನೊಂದು ಬಗೆಯ ಡಯಾಲಿಸಿಸ್ ಉಂಟು. ಅದರಲ್ಲಿ ಸಸಾರಜನಕದ ನಷ್ಟ ಇನ್ನೂ ಹೆಚ್ಚು. ಪೊಟ್ಯಾಸಿಯಮಿನ ಕಟ್ಟು ಸಾಮಾನ್ಯವಾಗಿ ಸಡಿಲ. ದ್ರಾವಣದ ಸಕ್ಕರೆ ದೇಹಕ್ಕೆ ಸೇರುವುದರಿಂದ ಸಿಹಿಯನ್ನು ಮಿತಗೊಳಿಸಬೇಕಾಗುತ್ತದೆ. ಆದುದರಿಂದ ಒಂದು ಬಗೆಯ ರೋಗಿಯ ಪಥ್ಯದ ಚೀಟಿಯನ್ನು ಇನ್ನೊಂದು ಬಗೆಯವರು ಅನುಸರಿಸಬಾರದು.

೬. ಪಥ್ಯವೂ ಬಡತನವೂ

ಇಲ್ಲಿಯವರೆಗಿನ ಅಳತೆಗಳು ವಾರಕ್ಕೆ ಮೂರು ಬಾರಿಯ ಚಿಕಿತ್ಸೆಯನ್ನು ಆಧರಿಸಿದವು. ನಮ್ಮಲ್ಲಿ ಅನೇಕರಿಗೆ ದೊರೆಯುವುದು ಎರಡೇ ಬಾರಿ. ಚಿಕಿತ್ಸೆ ಉಚಿತವಾದರೂ ಊರಿನಿಂದ ಬರುವ ಬಸ್ಸಿನ ಖರ್ಚು, ರೋಗಿಯದೂ ಜೊತೆಗೆ ಬಂದವರದೂ ಸೇರಿ ಎರಡಾಳಿನ ದಿನಗೂಲಿಯ ನಷ್ಟ, ಇವು ಮೂರನೆಯ ಬಾರಿಯನ್ನು ತಪ್ಪಿಸುತ್ತವೆ. ಮೂವತ್ತೆರಡು ಸಾವಿರ ರೋಗಿಗಳ ದಾಖಲೆಯನ್ನಾಧರಿಸಿ ೨೦೧೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಮೂರು ಬಾರಿ ಚಿಕಿತ್ಸೆ ಪಡೆಯುವವರಲ್ಲಿಯೂ ಎರಡು ದಿನಗಳ ದೀರ್ಘ ಅಂತರದ ಮರುದಿನ ಮರಣಗಳು ಹೆಚ್ಚೆಂದು ತೋರಿಸಿದೆ. ಹಾಗಿದ್ದಲ್ಲಿ ಮೂರು ದಿನಗಳ ಅಂತರವಿರುವ ನಮ್ಮ ರೋಗಿಗೆ ಉಪ್ಪು, ನೀರು, ಪೊಟ್ಯಾಸಿಯಂಗಳ ಕಟ್ಟು ಇನ್ನಷ್ಟು ಬಿಗಿಯಾಗಿರಬೇಕೆಂಬುದು ಸಹಜವಾದ ನಿಗಮನ. ಯಂತ್ರದ ಕೊರತೆಯನ್ನು ಅಡುಗೆಮನೆ ತುಂಬಿಕೊಡಬೇಕಾಗಿದೆ. ಅದೇ ಮನೆಯಲ್ಲಿ ಮೊಟ್ಟೆ, ಹಾಲು, ಮೀನುಗಳನ್ನು ಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ಚಿಕಿತ್ಸೆಯ ದಿನ ಆಸ್ಪತ್ರೆಯಲ್ಲಿಯೇ ಎರಡು ಮೊಟ್ಟೆಗಳನ್ನೋ, ಮೊಟ್ಟೆ ತಿನ್ನದವರಿಗೆ ಬೇಯಿಸಿ ಬಸಿದ ಕಾಳನ್ನೋ ಒದಗಿಸುವ ಏರ್ಪಾಡು ಯಂತ್ರಕ್ಕೆ ತಗಲುವ ವೆಚ್ಚದ ಮುಂದೆ ಅತ್ಯಲ್ಪವಾದುದು.

ಉಪಸಂಹಾರ

ಪಥ್ಯವೆಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಬಿಡುವುದು ಎಂಬ ಅರ್ಥವೇ ರೂಢವಾಗಿದೆ. ಶಬ್ದದ ಮೂಲಾರ್ಥ ಅದಲ್ಲ. ಪಥಕ್ಕೆ, ಎಂದರೆ ಹಿಡಿದ ದಾರಿಗೆ, ಹಿತವಾದುದು ಪಥ್ಯ. ದಾರಿ ಬದಲಾದಾಗ ಪಥ್ಯವೂ ಬದಲಾಗಬೇಕು. ಬ್ರೈಟನಿಂದ ಜಿಯೊವನೆಟ್ಟಿಯವರೆಗಿನ ವೈದ್ಯರು ಸೋಲುತ್ತಿರುವ ಮೂತ್ರಪಿಂಡವನ್ನು ಉಳಿಸಿಕೊಳ್ಳುವ ದಾರಿಯಲ್ಲಿ ಸಸಾರಜನಕವನ್ನು ಕಡಮೆ ಮಾಡಿದರು. ಕೋಲ್ಫ್ ಮತ್ತು ಸ್ಕ್ರಿಬ್ನರರು ತೆರೆದ ದಾರಿಯಲ್ಲಿ ನಡೆಯುವವರಿಗೆ ಅದು ಇಮ್ಮಡಿಯಾಗಿ ಬೇಕು. ಉಪ್ಪು, ನೀರು, ಪೊಟ್ಯಾಸಿಯಂ, ರಂಜಕಗಳ ಅಳತೆ ತಪ್ಪಬಾರದು. ಡಯಾಲಿಸಿಸ್ ಆರಂಭವಾದ ದಿನ ಹಳೆಯ ಚೀಟಿಯನ್ನು ಹಿಂತೆಗೆದುಕೊಂಡು, ಮೊದಲಿನದು ಇನ್ನು ಸಲ್ಲದು ಎಂದು ಸ್ಪಷ್ಟವಾಗಿ ಹೇಳಿ, ಹೊಸ ಚೀಟಿಯನ್ನು ರೋಗಿಯ ಕೈಗೂ ಅಡುಗೆ ಮಾಡುವವರ ಕೈಗೂ ಕೊಡುವುದು ಆಸ್ಪತ್ರೆಗಳ ಕರ್ತವ್ಯ. ಆ ಚೀಟಿಯಲ್ಲಿ ಹಳೆಯ ಮೈಸೂರಿನವರಿಗೆ ಮುದ್ದೆ ಬಸ್ಸಾರುಗಳ ಲೆಕ್ಕ, ಉತ್ತರದ ಜಿಲ್ಲೆಗಳವರಿಗೆ ಜೋಳದ ರೊಟ್ಟಿ, ಕಾಳುಪಲ್ಯಗಳ ಲೆಕ್ಕ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಮೀನುಗಳ ಲೆಕ್ಕ ಇರಬೇಕು. ಪರದೇಶದ ಊಟದ ಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿದರೆ ಆ ಕೆಲಸ ಆಗದು. ಆಯಾ ಸೀಮೆಯ ಅಡುಗೆಯನ್ನು ಬಲ್ಲವರು ವೈದ್ಯರೊಡನೆ ಕುಳಿತು ಅದನ್ನು ಸಿದ್ಧಪಡಿಸಬೇಕು.